ಗೇರ್‌ಬಾಕ್ಸಿಗೆ ಕಾಲಂ ಇಲ್ಲ

ಹಳೇ ಜೀಪಿನ ಎಂಜಿನ್ ಬದಲಿಸಿದ್ರಿ, ಗೇರ್‌ಬಾಕ್ಸ್ ಬದಲಿಸಿದ್ರಿ, ಕ್ಲಚ್ಚೂ ಹೊಸದು. ಈಗಲೂ ಅದು ಅಜ್ಜನ ಜೀಪೇನಾ? ಹಲಗೆಗಳೆಲ್ಲ ಬದಲಾದ ಥೀಸಿಯಸ್‌ನ ಹಡಗಿನ ಬಗ್ಗೆ ಪ್ಲುಟಾರ್ಕ್ ಬರೆದ ಕಾಲದಿಂದ ಈ ಪ್ರಶ್ನೆ ಇದೆ. ವೀಕೆಂಡ್ ಹರಟೆಗೆ ಚೆನ್ನಾಗಿದೆ. ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ರಸ್ತೆಯಲ್ಲಿ ಓಡೋ ಗಾಡಿಗೆ ಕೇಳಬೇಕಾದ ಪ್ರಶ್ನೆ ಬೇರೆ ಅನ್ಸುತ್ತೆ.

ಮೊದಲು ಕೆಲಸ ಏನು ನೋಡೋಣ. ಹಳೇ ವಿಲ್ಲೀಸ್ ಮಾದರಿಯ ಜೀಪಿಗೆ ಮೂರೇ ಗೇರು. ಫಸ್ಟ್ ಗೇರಿಗೆ ಸಿಂಕ್ರೊನೈಸರ್ ಇಲ್ಲ; ಗಾಡಿ ನಿಲ್ಲಿಸಿ ಹಾಕಬೇಕು, ಇಲ್ಲಾ ಡಬಲ್ ಕ್ಲಚ್ ಹೊಡೀಬೇಕು. ಬೇರೆ ಗಾಡಿಯ ನಾಲ್ಕೋ ಐದೋ ಗೇರಿನ ಬಾಕ್ಸ್ ಕೂರಿಸೋ ಆಸೆ ಸಹಜ. ಬೋಲ್ಟಿನ ತೂತುಗಳು ಹೊಂದದಿದ್ದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಬಾಕ್ಸಿನ ಶಾಫ್ಟು ಕ್ರ್ಯಾಂಕ್‌ಶಾಫ್ಟಿಗೆ ನೇರ ಕೂರಬೇಕು. ಡಯಲ್ ಗೇಜ್ ಇಟ್ಟರೆ ಸುಮಾರು 0.005 ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಾಣಬಾರದು. ತಪ್ಪಿದರೆ ಬೇರಿಂಗು, ಕ್ಲಚ್ ಎರಡೂ ಬೇಗ ಸವೀತಾವೆ. ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟನ್ನೂ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಇರೋದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಅಲ್ಲಿ ಕೈ ಹಾಕಿದರೆ ಅದನ್ನೂ ನೋಡಲೇಬೇಕು.

ಇದ್ಯಾವುದೂ ಹೊರಗೆ ಕಾಣಲ್ಲ. ಕಾಣೋದು ಪೇಂಟು, ಟೈರು.

ಕಾನೂನು ಏನಂತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಆದರೆ ಆರ್‌ಸಿಯಲ್ಲಿ ಚಾಸಿ ನಂಬರ್ ಇದೆ, ಎಂಜಿನ್ ನಂಬರ್ ಇದೆ, ಗೇರ್‌ಬಾಕ್ಸಿಗೆ ಕಾಲಂ ಇಲ್ಲ. ಕಾಲಂ ಇಲ್ಲ ಅಂದ್ರೆ ಅನುಮತಿ ಇದೆ ಅಂತಲ್ಲ. ಯಾರೂ ನೋಡಲ್ಲ ಅಂತ ಮಾತ್ರ.

"ನನ್ನ ಗಾಡಿ, ನನ್ನ ರೊಕ್ಕ, ನಿಮಗೇನ್ರಿ?" ಅನ್ನಬಹುದು. ಹೊಲದಲ್ಲಿ ಓಡಿಸಿದರೆ ಒಪ್ಪೋಣ. ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡ ಹತ್ತುವಾಗ? ಮುಂದೆ ಚಕ್ಕಡಿ, ಹಿಂದೆ ಮಕ್ಕಳನ್ನ ಎತ್ತಿಕೊಂಡು ನಡೆಯೋ ಮಂದಿ, ನಿಮ್ಮ ಕಾಲು ಹಾಫ್ ಕ್ಲಚ್ಚಿನ ಮೇಲೆ. ಕ್ಲಚ್ ಸ್ಲಿಪ್ ಆಗಿ, ಹ್ಯಾಂಡ್‌ಬ್ರೇಕೂ ಹಿಡೀದೆ ಗಾಡಿ ಹಿಂದಕ್ಕೆ ಜಾರಿದರೆ, ಆ ಅಪಾಯಕ್ಕೆ ಅವರನ್ನ ಯಾರು ಕೇಳಿದ್ರು? ನಾನೇ ಮೈಮೇಲೆ ಎಳಕೊಳ್ಳೋ ರಿಸ್ಕ್ ಬೇರೆ, ಇನ್ನೊಬ್ಬರ ಮೇಲೆ ಹೇರೋ ರಿಸ್ಕ್ ಬೇರೆ.

ಹಾಗಂತ ಬಿಡಿಭಾಗ ಸಿಗದ ಗಾಡಿಯನ್ನ ಲೇತ್ ಮೇಲೆ ಕೆತ್ತಿ ಜೀವಂತ ಇಡೋ ಮೇಸ್ತ್ರಿಯ ವಿದ್ಯೆ ಸಣ್ಣದಲ್ಲ. ಎಸೆಯದೆ ದುರಸ್ತಿ ಮಾಡೋದು ಒಳ್ಳೇ ಗುಣವೇ. ತಪ್ಪಿರೋದು ಮುಚ್ಚಿಡೋದರಲ್ಲಿ. ಪರೀಕ್ಷೆ ಸರಳ: ಮಾಡಿದ್ದನ್ನ ಬಿಚ್ಚಿ ತೋರಿಸೋಕೆ ತಯಾರಿದ್ದೀವಾ? ಕೊಳ್ಳೋವನಿಗೆ, ಆರ್‌ಟಿಓಗೆ, ಗುಡ್ಡ ಹತ್ತೋ ಆ ತಾಯಿಗೆ? ಆಫೀಸಲ್ಲಿ ನಾವು ಬರೆಯೋ ಕೋಡಿಗೂ, ಸಹಿ ಹಾಕೋ ರಿಪೋರ್ಟಿಗೂ ಇದೇ ಪರೀಕ್ಷೆ.

ಅಜ್ಜನ ಜೀಪು ಹೌದೋ ಅಲ್ಲವೋ ಅನ್ನೋದು ಆಮೇಲಿನ ಮಾತು. ಅದರ ಪ್ರತಿ ಬೋಲ್ಟಿಗೂ "ಇದು ನಾನು ಮಾಡಿಸಿದ್ದು" ಅಂತ ಉತ್ತರ ಕೊಡೋ ಒಬ್ಬರು ಮನೆಯಲ್ಲಿರಬೇಕು, ಅಷ್ಟೇ.