ಬೇಡದ ಸೇವೆಯ ವಿಕ್ರಯ

ಕೊಳ್ಳುವವನು ತಾನು ಕೊಳ್ಳುವ ವಸ್ತುವನ್ನು ಪರೀಕ್ಷಿಸಿ ನೋಡಬಲ್ಲನಾದರೆ, ಮಾರುವವನ ಧರ್ಮವನ್ನು ನಿರ್ಣಯಿಸುವುದು ಕಷ್ಟವಲ್ಲ. ಅಕ್ಕಿಯಲ್ಲಿ ಕಲ್ಲಿದೆಯೆ, ಬಟ್ಟೆಯ ನೂಲು ಗಟ್ಟಿಯೆ, ಹಸುವು ಹಾಲು ಕೊಡುವುದೆ ಎಂಬುದನ್ನು ಗೃಹಸ್ಥನು ಕಣ್ಣಿನಿಂದಲೂ ಕೈಯಿಂದಲೂ ತಿಳಿಯಬಲ್ಲನು. ಕೆಲವು ವಿಷಯಗಳಲ್ಲಿ ಹಾಗಿಲ್ಲ. ವೈದ್ಯನು ಕೊಟ್ಟ ಔಷಧವು ನಿಜವಾಗಿಯೂ ಅವಶ್ಯವಾಗಿತ್ತೆ ಎಂಬುದನ್ನು ರೋಗಿಯು ವಾಸಿಯಾದ ಮೇಲೆಯೂ ಅರಿಯಲಾರನು. ಔಷಧವಿಲ್ಲದೆಯೇ ವಾಸಿಯಾಗುತ್ತಿತ್ತೋ ಏನೋ! ಯಂತ್ರವನ್ನು ದುರಸ್ತು ಮಾಡುವವನ ಕೆಲಸವೂ ಇದೇ ಜಾತಿಗೆ ಸೇರಿದುದು. ಇಲ್ಲಿ ದೋಷವನ್ನು ಕಂಡುಹಿಡಿಯುವವನೂ, ಅದಕ್ಕೆ ಪರಿಹಾರವನ್ನು ಮಾರುವವನೂ ಒಬ್ಬನೇ. 1973ರಲ್ಲಿ ಡಾರ್ಬಿ, ಕಾರ್ನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಂಥ ಸರಕುಗಳಿಗೆ ‘ನಂಬಿಕೆಯ ಸರಕು’ ಎಂಬರ್ಥದ ಹೆಸರನ್ನಿಟ್ಟು, ಇವುಗಳ ವ್ಯಾಪಾರದಲ್ಲಿ ಮೋಸವು ಏಕೆ ಸುಲಭವಾಗುತ್ತದೆಂಬುದನ್ನು ವಿಚಾರಮಾಡಿದರು.

ಹಳೆಯದಾದ ಈ ಪ್ರಶ್ನೆಗೆ ವಿದ್ಯುತ್ ಕಾರು ಹೊಸದೊಂದು ರೂಪವನ್ನು ಕೊಟ್ಟಿದೆ. ಪೆಟ್ರೋಲ್ ಕಾರಿನ ಇಂಜಿನ್ನಿನಲ್ಲಿ ಕ್ಷಣಕ್ಷಣಕ್ಕೂ ಬೆಂಕಿ ಉರಿಯುತ್ತದೆ. ಅದರ ದೆಸೆಯಿಂದ ಆಯಿಲ್ ಕೆಡುತ್ತದೆ, ಸ್ಪಾರ್ಕ್ ಪ್ಲಗ್ ಸವೆಯುತ್ತದೆ, ಸೈಲೆನ್ಸರಿಗೆ ತುಕ್ಕು ಹಿಡಿಯುತ್ತದೆ. ವಿದ್ಯುತ್ ಕಾರಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ವೇಗವನ್ನು ತಗ್ಗಿಸುವಾಗ ಮೋಟಾರೇ ಜನರೇಟರಿನಂತೆ ವರ್ತಿಸಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುವುದರಿಂದ ಬ್ರೇಕಿನ ಪ್ಯಾಡುಗಳೂ ಬಹುಕಾಲ ಬಾಳುತ್ತವೆ. 2021ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವು ಪ್ರಕಟಿಸಿದ ವರದಿಯ ಪ್ರಕಾರ, ಪೆಟ್ರೋಲ್ ಕಾರಿನ ಪೋಷಣೆ ಮತ್ತು ದುರಸ್ತಿಗೆ ಮೈಲಿಯೊಂದಕ್ಕೆ 10.1 ಸೆಂಟು ತಗಲುವಲ್ಲಿ ವಿದ್ಯುತ್ ಕಾರಿಗೆ 6.1 ಸೆಂಟು ಸಾಕು. 2016ರ ಕೊನೆಯಲ್ಲಿ ಆ ದೇಶದಲ್ಲಿ ಮಾರಾಟಕ್ಕೆ ಬಂದ ಷೆವ್ರೊಲೆ ಬೋಲ್ಟ್ ಎಂಬ ಕಾರಿನ ಕೈಪಿಡಿಯನ್ನು ನೋಡಿದರೆ, 7,500 ಮೈಲಿಗೊಮ್ಮೆ ಟೈರುಗಳನ್ನು ಅದಲುಬದಲು ಮಾಡುವುದೇ ಪದೇಪದೇ ಬರುವ ಮುಖ್ಯ ಕೆಲಸ. ಕೂಲೆಂಟನ್ನು ಬದಲಾಯಿಸುವುದು 1,50,000 ಮೈಲಿಗೊಮ್ಮೆ, ಇಲ್ಲವೆ ಐದು ವರ್ಷಕ್ಕೊಮ್ಮೆ.

ಹಾಗೆಂದು ವಿದ್ಯುತ್ ಕಾರಿಗೆ ಯಾವ ಪೋಷಣೆಯೂ ಬೇಡವೆಂದು ತಿಳಿಯಲಾಗದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಗೊತ್ತಾದ ಅವಧಿಯಲ್ಲಿ ಅದನ್ನು ಪರೀಕ್ಷಿಸಲೇಬೇಕು. ಬ್ಯಾಟರಿಯ ಭಾರದಿಂದ ಟೈರುಗಳು ಬೇಗ ಸವೆಯಬಹುದು. ಎ.ಸಿ.ಯ ಫಿಲ್ಟರ್, ವೈಪರ್, 12 ವೋಲ್ಟಿನ ಚಿಕ್ಕ ಬ್ಯಾಟರಿ ಇವೆಲ್ಲವೂ ಕಾಲಕ್ರಮದಲ್ಲಿ ಬದಲಾಗತಕ್ಕವು. ಹಿಮ ಬೀಳುವ ನಾಡುಗಳಲ್ಲಿ ರಸ್ತೆಗೆ ಉಪ್ಪು ಚೆಲ್ಲುವುದರಿಂದ, ಹೆಚ್ಚು ಉಪಯೋಗವಿಲ್ಲದ ಬ್ರೇಕುಗಳಿಗೆ ತುಕ್ಕು ಹಿಡಿಯದಂತೆ ಅವನ್ನು ತೊಳೆದು ಸವರಿಡಬೇಕಾಗುತ್ತದೆ. ಬೇಕಾದ ಈ ಕೆಲವು ಕೆಲಸಗಳ ನಡುವೆ ಬೇಡದ ಹಲವು ಕೆಲಸಗಳು ಸೇರಿಕೊಳ್ಳುವುದರಿಂದಲೇ ಒಡೆಯನಿಗೆ ವಿವೇಚನೆಯು ಕಷ್ಟವಾಗಿರುವುದು.

ಅವು ಸೇರಿಕೊಳ್ಳುವುದಕ್ಕೆ ಕಾರಣವೂ ಇದೆ. ಅಮೆರಿಕದ ಡೀಲರನಿಗೆ ಹೊಸ ಕಾರಿನ ಮಾರಾಟದಲ್ಲಿ ಉಳಿಯುವ ಪಾಲು ಅಲ್ಪ. ಅವನ ಒಟ್ಟು ಲಾಭದ ಹೆಚ್ಚುಕಡಮೆ ಅರ್ಧಭಾಗವು ಸರ್ವೀಸು ಮತ್ತು ಬಿಡಿಭಾಗಗಳಿಂದಲೇ ಬರತಕ್ಕದ್ದು. ಸರ್ವೀಸನ್ನು ಅಷ್ಟಾಗಿ ಬೇಡದ ಕಾರು ಬಂದಾಗ ಈ ಅರ್ಧಕ್ಕೆ ಪೆಟ್ಟು ಬೀಳುತ್ತದೆ. ಆಗ, ಕೈಪಿಡಿಯಲ್ಲಿ ಹೇಳದಿರುವ ವಾರ್ಷಿಕ ಸರ್ವೀಸು, ಅವಧಿಗೆ ಮುಂಚೆಯೇ ಕೂಲೆಂಟಿನ ಬದಲಾವಣೆ, ಎ.ಸಿ. ಕೊಳವೆಗಳ ಶುದ್ಧಿ, ಕಾರಿನ ಅಡಿಗೆ ಲೇಪನ ಮುಂತಾದುವನ್ನು ಪಟ್ಟಿಗೆ ಸೇರಿಸುವ ಆಸೆಯು ಹುಟ್ಟುವುದು ಸಹಜ. ಎಲ್ಲ ಡೀಲರರೂ ಹೀಗೆ ಮಾಡುವರೆಂದು ಹೇಳುವುದು ಅನ್ಯಾಯ. ಆದರೆ ಆಸೆಗೆ ಅವಕಾಶವಿರುವುದಂತೂ ಸತ್ಯ.

ಇಲ್ಲಿ ಏಳುವ ಸಂಶಯವಿಷ್ಟೆ: ಬೇಡದ ಸೇವೆಯನ್ನು, ಕೊಳ್ಳುವವನು ಒಪ್ಪಿ ಹಣ ಕೊಟ್ಟಿರುವಾಗ, ಮಾರುವುದು ಅಧರ್ಮವೆ?

ಪೂರ್ವಪಕ್ಷಿಯು ಮೂರು ಮಾತುಗಳನ್ನು ಹೇಳುವನು. ಒಡೆಯನು ಪ್ರಾಪ್ತವಯಸ್ಕನು, ಅವನೇ ಸಮ್ಮತಿಸಿ ರುಜು ಹಾಕಿರುವನು, ಅಂಗಡಿಯವನು ಸುಳ್ಳನ್ನೇನೂ ಆಡದೆ ‘ಇದನ್ನು ಮಾಡಿಸುವುದು ಒಳ್ಳೆಯದು’ ಎಂದು ಶಿಫಾರಸು ಮಾಡಿದನಷ್ಟೆ: ಇದು ಮೊದಲನೆಯದು. ಹೆಚ್ಚಿನ ಪೋಷಣೆಯಿಂದ ಯಂತ್ರಕ್ಕೆ ಕೇಡೇನೂ ಇಲ್ಲ. ಒಡೆಯನಿಗೆ ಮನಸ್ಸಮಾಧಾನವೆಂಬ ಫಲವಾದರೂ ಉಂಟು: ಇದು ಎರಡನೆಯದು. ಡೀಲರನು ಕಟ್ಟಡವನ್ನು ಕಟ್ಟಿಸಿ, ಮೆಕಾನಿಕ್ಕುಗಳಿಗೆ ತರಬೇತಿ ಕೊಡಿಸಿ, ಸಂಬಳ ಕೊಡುತ್ತಿರುವನು; ಅವನ ಜೀವನವೂ ಸಾಗಬೇಕು: ಇದು ಮೂರನೆಯದು.

ಮೊದಲನೆಯದಕ್ಕೆ ಸಮಾಧಾನ. ಕೂಲೆಂಟ್ ಬದಲಾಯಿಸುವುದರಲ್ಲಿ ಸ್ವತಃ ಯಾವನಿಗೂ ಸುಖವಿಲ್ಲ. ‘ಇದು ಅವಶ್ಯ’ ಎಂಬ ತಿಳಿವಳಿಕೆಗಾಗಿಯೇ ಒಡೆಯನು ಅದಕ್ಕೆ ಒಪ್ಪುವನು. ಆ ತಿಳಿವಳಿಕೆಯು ಸುಳ್ಳಾದರೆ, ಅವನು ಒಪ್ಪಿದ್ದ ವಿಷಯವೇ ಇಲ್ಲವಾಯಿತು. ಉಳಿದದ್ದು ರುಜು ಮಾತ್ರ. ಇನ್ನು ‘ಶಿಫಾರಸು’ ಎಂಬ ಮಾತು. ಕೇಳುವವನು ಅದನ್ನು ‘ಕಾರನ್ನು ನಿರ್ಮಿಸಿದವರ ಶಿಫಾರಸು’ ಎಂದು ತಿಳಿಯುವನು. ಹೇಳುವವನ ಮನಸ್ಸಿನಲ್ಲಿ ಅದು ‘ಈ ಅಂಗಡಿಯ ಶಿಫಾರಸು’ ಆಗಿರುವುದು. ‘ನವಕಂಬಲ’ವೆಂಬ ಒಂದೇ ಮಾತನ್ನು ಹೊಸ ಕಂಬಳಿಯೆಂದೂ ಒಂಬತ್ತು ಕಂಬಳಿಗಳೆಂದೂ ತಿರುಗಿಸಿ ವಾದಿಸುವುದನ್ನು ನೈಯಾಯಿಕರು ಛಲವೆಂದು ಕರೆದರು. ಶಬ್ದದ ಎರಡರ್ಥಗಳ ನಡುವೆ ಅಡಗಿ ನಡೆಸುವ ಈ ವ್ಯಾಪಾರವೂ ಛಲದ ಕುಲಕ್ಕೇ ಸೇರಿದುದು. ಪ್ರತಿಯೊಂದು ಮಾತೂ ನಿಜವಾಗಿದ್ದು, ಕೇಳಿದವನ ಮನಸ್ಸಿನಲ್ಲಿ ಸುಳ್ಳು ನಿಲ್ಲುವುದಾದರೆ, ಹೇಳಿದವನು ಸತ್ಯವಂತನಲ್ಲ. ಆ ದೇಶದಲ್ಲಿ 1975ರಿಂದ ಜಾರಿಯಲ್ಲಿರುವ ವಾರಂಟಿ ಕಾನೂನಿನಂತೆ, ಬೇರೆ ಕಡೆ ಸರ್ವೀಸು ಮಾಡಿಸಿದ ಮಾತ್ರಕ್ಕೆ ವಾರಂಟಿಯು ರದ್ದಾಗುವುದಿಲ್ಲ. ಇದನ್ನರಿಯದ ಗಿರಾಕಿಯ ಭಯವನ್ನು ಹೋಗಲಾಡಿಸದೆ ಸುಮ್ಮನಿರುವುದೂ ಇದೇ ಬಗೆಯ ಅಸತ್ಯ.

ಎರಡನೆಯ ಮಾತು ಮೇಲುನೋಟಕ್ಕೆ ನಿರಪಾಯವಾಗಿ ಕಾಣುತ್ತದೆ. ಆದರೆ ಅತಿಶಯವಾದ ಅಪಾಯವು ಇಲ್ಲಿಯೇ ಇರುವುದು. ಒಂಬತ್ತು ಸಲ ಬೇಡದ ಕೆಲಸಕ್ಕೆ ಹಣ ತೆತ್ತವನು, ಒಂದು ದಿನ ಕೈಪಿಡಿಯನ್ನು ಓದಿ ನಿಜವನ್ನು ಅರಿತನೆಂದುಕೊಳ್ಳೋಣ. ಹತ್ತನೆಯ ಸಲ ಅದೇ ಅಂಗಡಿಯವನು ‘ಬ್ರೇಕ್ ಆಯಿಲಿನಲ್ಲಿ ನೀರು ಸೇರಿದೆ, ಈಗಲೇ ಬದಲಾಯಿಸಬೇಕು’ ಎಂದರೆ ಅವನು ನಂಬುವನೆ? ಇದೂ ಒಂದು ಹೂಟವೆಂದು ನಕ್ಕು ಕಾರನ್ನು ತೆಗೆದುಕೊಂಡು ಹೋಗುವನು. ಇಳಿಜಾರಿನ ಹಾದಿಯಲ್ಲಿ ಬ್ರೇಕು ಹಿಡಿಯದೆಹೋದ ಪಕ್ಷಕ್ಕೆ, ಅದರ ಪಾಪವು ನಂಬದವನಿಗೆಷ್ಟು, ನಂಬಿಕೆಯನ್ನು ಮುರಿದವನಿಗೆಷ್ಟು ಎಂಬುದನ್ನು ವಾಚಕರೇ ಯೋಚಿಸಬೇಕು. ಹೋದ ಹಣವನ್ನು ಲೆಕ್ಕಹಾಕಿ ಹಿಂದಿರುಗಿಸಬಹುದು. ನಿಜವಾದ ಎಚ್ಚರಿಕೆಯನ್ನು ನಂಬುವ ಶಕ್ತಿಯು ಕೆಟ್ಟುಹೋದರೆ ಅದನ್ನು ಹಿಂದಿರುಗಿಸುವ ಉಪಾಯವಿಲ್ಲ. ಅದರ ನಷ್ಟವು ಪ್ರಾಮಾಣಿಕರಾದ ಮೆಕಾನಿಕ್ಕುಗಳಿಗೂ ತಟ್ಟುವುದು.

ಮೂರನೆಯ ಮಾತನ್ನು ತಳ್ಳಿಹಾಕಲಾಗದು. ಜೀವನೋಪಾಯವು ಧರ್ಮಕ್ಕೆ ವಿರೋಧಿಯಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ, ಜಟೆಯಲ್ಲಿ ಹಕ್ಕಿಗಳು ಗೂಡುಕಟ್ಟುವಷ್ಟು ಅಚಲವಾಗಿ ತಪಸ್ಸು ಮಾಡಿದ ಜಾಜಲಿಯು ಧರ್ಮವನ್ನು ಕೇಳಲು ಹೋದದ್ದು ವಾರಾಣಸಿಯ ವರ್ತಕನಾದ ತುಲಾಧಾರನ ಬಳಿಗೆ. ಅವನು ಅಂಗಡಿಯನ್ನು ಮುಚ್ಚಲಿಲ್ಲ. ಎಲ್ಲರಿಗೂ ತಕ್ಕಡಿಯನ್ನು ಸಮವಾಗಿ ಹಿಡಿದನು. ಹೀಗಿರಲು, ಡೀಲರನು ಗಳಿಸಬೇಕೆ ಎಂಬ ಪ್ರಶ್ನೆಯೇ ಇಲ್ಲ. ಯಾವುದಕ್ಕೆ ಬೆಲೆ ಕಟ್ಟಿ ಗಳಿಸಬೇಕೆಂಬುದೇ ಪ್ರಶ್ನೆ. ಗ್ರೀಸ್ ದೇಶದ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಮೊದಲನೆಯ ಭಾಗದಲ್ಲಿ ಸಾಕ್ರಟೀಸನ ಬಾಯಿಂದ ಸೂಕ್ಷ್ಮವಾದೊಂದು ಭೇದವನ್ನು ಹೇಳಿಸಿರುವನು: ವೈದ್ಯವಿದ್ಯೆಯು ನೋಡುವುದು ರೋಗಿಯ ಹಿತವನ್ನು, ಹಣ ಸಂಪಾದನೆಯು ಅದರ ಜೊತೆಗೆ ಬರುವ ಬೇರೊಂದು ವಿದ್ಯೆ. ಈ ಎರಡನ್ನೂ ಕಲಸಿ, ಪರೀಕ್ಷಿಸುವವನ ಸಂಬಳವನ್ನು ಅವನು ಮಾರಿದ ಸರಕಿಗೆ ಕಟ್ಟಿಹಾಕಿದರೆ ಏನಾಗುವುದೆಂಬುದಕ್ಕೆ ನಿದರ್ಶನವು ದೂರವಿಲ್ಲ. 1992ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯ ಸರ್ಕಾರದ ಗ್ರಾಹಕ ಇಲಾಖೆಯು, ಸಿಯರ್ಸ್ ಎಂಬ ದೊಡ್ಡ ಕಂಪನಿಯ ಕಾರು ರಿಪೇರಿ ಕೇಂದ್ರಗಳು ಬೇಡದ ಕೆಲಸಗಳಿಗೆ ಹಣ ಪಡೆಯುತ್ತಿವೆಯೆಂದು ಆಪಾದಿಸಿತು. ಸರ್ಕಾರದವರೇ ಸಾಮಾನ್ಯ ಗಿರಾಕಿಗಳ ವೇಷದಲ್ಲಿ ಕಾರುಗಳನ್ನು ಒಯ್ದು ಪರೀಕ್ಷಿಸಿದ್ದರು. ಅಲ್ಲಿಯ ಸರ್ವೀಸ್ ಸಲಹೆಗಾರರಿಗೆ ಮಾರಾಟದ ಮೇಲೆ ಕಮಿಷನ್ನೂ, ಇಷ್ಟು ಮಾರಲೇಬೇಕೆಂಬ ಗುರಿಯೂ ಇದ್ದವು. ಮೋಸ ಮಾಡುವ ಉದ್ದೇಶವಿತ್ತೆಂಬುದನ್ನು ಕಂಪನಿಯು ಒಪ್ಪಲಿಲ್ಲ. ಆದರೆ ಕಮಿಷನ್ನನ್ನೂ ಗುರಿಯನ್ನೂ ಕೈಬಿಟ್ಟಿತು. ಕೆಟ್ಟ ಏರ್ಪಾಡಿನಲ್ಲಿ ಸಾಮಾನ್ಯನಾದ ಒಳ್ಳೆಯವನೂ ತಿಂಗಳ ಕೊನೆಯಲ್ಲಿ ಜಾರುವನೆಂಬುದು ಇದರ ತಾತ್ಪರ್ಯ.

ಆದುದರಿಂದ ಸಿದ್ಧಾಂತವಿದು. ನಂಬಿಕೆಯ ಸರಕಿನಲ್ಲಿ ಗಿರಾಕಿಯು ನಿಜವಾಗಿ ಕೊಳ್ಳುವುದು ಬಲ್ಲವನ ತಿಳಿವಳಿಕೆಯನ್ನು. ಆ ತಿಳಿವಳಿಕೆಗೆ ಬಹಿರಂಗವಾಗಿ ಬೆಲೆಯನ್ನು ಹೇಳಿ ಪಡೆಯುವುದು ಧರ್ಮ. ಪರೀಕ್ಷೆಗೆ ಇಷ್ಟು ಹಣವೆಂದು ಗೊತ್ತುಮಾಡಿ, ‘ಈ ವರ್ಷ ಏನೂ ಬೇಡ’ ಎಂದು ಹೇಳಿ ಕಳುಹಿಸಿದವನು ಆ ಹಣಕ್ಕೆ ಪೂರ್ಣ ಅರ್ಹನು. ಇಲ್ಲಿ ಗಿರಾಕಿಯ ಕರ್ತವ್ಯವೂ ಉಂಟು. ಪರೀಕ್ಷೆಯು ಪುಕ್ಕಟೆಯಾಗಿ ಆಗಬೇಕೆಂದು ಹಟ ಹಿಡಿಯುವವನು, ಅದರ ಬೆಲೆಯನ್ನು ಬೇಡದ ಸರಕಿನೊಳಗೆ ಅಡಗಿಸುವಂತೆ ಅಂಗಡಿಯವನನ್ನು ತಾನೇ ಪ್ರೇರಿಸುವನು. ಕಾರಿನ ಕೈಪಿಡಿಯನ್ನು ಒಂದಾವೃತ್ತಿಯಾದರೂ ಓದುವುದು, ಪಟ್ಟಿಯಲ್ಲಿನ ಪ್ರತಿಯೊಂದು ಕೆಲಸವೂ ಅದರಲ್ಲಿದೆಯೆ ಎಂದು ಕೇಳುವುದು, ತೆಗೆದ ಹಳೆಯ ಭಾಗವನ್ನು ತೋರಿಸೆನ್ನುವುದು: ಇವು ಅಪನಂಬಿಕೆಯ ಲಕ್ಷಣಗಳಲ್ಲ, ವಿವೇಕದ ಲಕ್ಷಣಗಳು.

ಕನ್ನಡನಾಡಿಗೆ ಈ ವಿಚಾರವು ಪರಕೀಯವಲ್ಲ. ರೇವಾ ಎಂಬ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಿಂದಲೇ ಹೊರಟಿತು. ವಿದ್ಯುತ್ ವಾಹನಗಳಿಗಾಗಿ ಕರ್ನಾಟಕ ಸರ್ಕಾರವು 2017ರಲ್ಲಿಯೇ ನೀತಿಯನ್ನು ಪ್ರಕಟಿಸಿತು. ಇಂಥ ಕಾರುಗಳು ಹೆಚ್ಚಿದಂತೆಲ್ಲ ಅವುಗಳ ಸರ್ವೀಸಿನ ಪ್ರಶ್ನೆಯೂ ಮನೆಬಾಗಿಲಿಗೆ ಬರುವುದು. 2019ರ ಗ್ರಾಹಕ ಸಂರಕ್ಷಣಾ ಕಾನೂನು ಅನುಚಿತ ವ್ಯಾಪಾರದ ವಿರುದ್ಧ ದೂರು ಕೊಡಲು ದಾರಿಮಾಡಿದೆ. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ, ಕುಶಲಕರ್ಮಿಗಳಿಂದಲೂ ವರ್ತಕರಿಂದಲೂ ಪ್ರಜೆಗಳಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಭಾರವನ್ನು ಕಂಟಕಶೋಧನವೆಂಬ ಅಧಿಕರಣದಲ್ಲಿ ಅರಸನಿಗೆ ಒಪ್ಪಿಸಿದೆ. ಆದರೆ ಕಾನೂನು ಬರುವುದು ತಪ್ಪು ನಡೆದ ಮೇಲೆ, ಅದೂ ಸಾಕ್ಷ್ಯವಿದ್ದಲ್ಲಿ. ಮುಚ್ಚಿದ ಯಂತ್ರದ ಮುಂದೆ, ಬಲ್ಲವನೊಬ್ಬನೂ ಅರಿಯದವನೊಬ್ಬನೂ ನಿಂತಿರುವಾಗ ಸಾಕ್ಷಿಯಾಗತಕ್ಕವರು ಬೇರೆ ಯಾರೂ ಇಲ್ಲ. ಅಲ್ಲಿ ತಕ್ಕಡಿಯು ಬಲ್ಲವನ ಕೈಯಲ್ಲಿಯೇ ಇರುವುದು. ಅವನು ಅದನ್ನು ಸಮವಾಗಿ ಹಿಡಿದರೆ, ಈ ವರ್ಷದ ಲಾಭದಲ್ಲಿ ಸ್ವಲ್ಪ ಕಡಮೆಯಾದೀತು. ಬ್ರೇಕು ನಿಜವಾಗಿ ಕೆಟ್ಟ ದಿನ ಅವನ ಒಂದು ಮಾತಿಗೆ ಗಿರಾಕಿಯು ಕಾರನ್ನು ಅಲ್ಲಿಯೇ ಬಿಟ್ಟು ನಡೆದುಹೋಗುವನು.