ಇಂದಿನ ಧಮ್ಮಚಿಂತನೆ: ಹಿರೇಗುಡ್ಡದ ಗೂಳಿಗಳು



ಬಂಧುಗಳೇ, ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಹೋದ ತಿಂಗಳು ಈ ಗುಂಪಿಗೆ ನಾನೊಂದು ಚಿತ್ರ ಕಳಿಸಿದ್ದೆ. ಬಂಡೆಯ ಮೇಲೆ ಉದ್ದ ಕೊಂಬಿನ ಗೂಳಿ. ಕೆಳಗೆ, ಇದು ಬಳ್ಳಾರಿಯಲ್ಲಿ ಬೌದ್ಧರು ಕೆತ್ತಿದ ಪ್ರಾಚೀನ ಚಿತ್ರ, ಎಲ್ಲರಿಗೂ ತಲುಪಿಸಿ ಎಂಬ ಬರಹ. ಎಲ್ಲಿಂದಲೋ ಬಂದಿತ್ತು, ಓದಿ ಹೆಮ್ಮೆಯಾಯಿತು, ಕಳಿಸಿಬಿಟ್ಟೆ. ನಿಮ್ಮಲ್ಲಿ ಅನೇಕರು ಅದನ್ನು ಮುಂದಕ್ಕೂ ಕಳಿಸಿದಿರಿ. ಹೋದ ಭಾನುವಾರದ ಪ್ರವಾಸ ಹುಟ್ಟಿದ್ದೇ ಆ ಚಿತ್ರದಿಂದ.

ಬೆಳಗಿನ ಜಾವ ಮೂರೂವರೆಗೆ ಬನಶಂಕರಿಯಲ್ಲಿ ಟೆಂಪೊ ಟ್ರಾವೆಲರ್ ಹತ್ತಿದೆವು. ಜಯನಗರ, ಬಿಟಿಎಂ ಲೇಔಟ್‌ನವರೂ ಸೇರಿ ಹದಿಮೂರು ಜನ. ಹಿರಿಯೂರು ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಚಳ್ಳಕೆರೆಯಿಂದ ಆಚೆಗೆ ಜಾಲಿ, ಶೇಂಗಾ ಹೊಲ, ಬೋಳು ಗುಡ್ಡ. ಹಿಂದಿನ ಸೀಟಿನ ಹುಡುಗಿ, "ಅಂಕಲ್, ಇದು ಮರುಭೂಮಿನಾ?" ಅಂದಳು. ಮರುಭೂಮಿಯಲ್ಲಮ್ಮ, ಬಯಲುಸೀಮೆ. ಆದರೆ ಮಧ್ಯಾಹ್ನದ ಬಿಸಿಲಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ದಾರಿಯಲ್ಲೇ ಸಿಗುತ್ತದೆಂದು ಮೊದಲು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. ಅಲ್ಲಿ ಅಶೋಕ ಮಹಾರಾಜರ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೂ ಮೊದಲು ಊರಿನವರು ಆ ಬಂಡೆಯನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಬ್ರಾಹ್ಮಿ ಲಿಪಿ ಓದುವವರು ಯಾರೂ ಇರಲಿಲ್ಲ, ಆದರೂ ಅದು ಗೀರಲ್ಲ, ಅಕ್ಷರ ಎಂದು ಜನಕ್ಕೆ ಗೊತ್ತಿತ್ತು. ಎರಡು ಸಾವಿರ ವರ್ಷ ಅಕ್ಷರದಿಂದ ದೂರ ಇಟ್ಟ ಜನರ ಮಕ್ಕಳು ನಾವು ಅದರ ಮುಂದೆ ನಿಂತು ತ್ರಿಸರಣ ಹೇಳಿದೆವು. ಅದು ನನ್ನ ಮಟ್ಟಿಗೆ ದೊಡ್ಡ ಗಳಿಗೆ.

ಮಧ್ಯಾಹ್ನದ ಹೊತ್ತಿಗೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು. ಹಿರೇಗುಡ್ಡದ ಮೇಲೆ ಕಪ್ಪು ಬಂಡೆಗಳ ಒಂದು ಸಾಲು ಹಾದುಹೋಗಿದೆ. ಆ ಕಪ್ಪು ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳು. ಹೆಚ್ಚಿನವು ಗೂಳಿಗಳೇ, ಡುಬ್ಬದವು, ಉದ್ದ ಕೊಂಬಿನವು. ನಡುವೆ ಮನುಷ್ಯರೂ ಇದ್ದಾರೆ. ತಟ್ಟಿದರೆ ಗಂಟೆಯಂತೆ ದನಿ ಕೊಡುವ ಕಲ್ಲುಗಳೂ ಅಲ್ಲಿವೆ, ತಟ್ಟಿ ತಟ್ಟಿ ಗುಳಿ ಬಿದ್ದಿವೆ. ಹೊಸ ಶಿಲಾಯುಗದ ಜನ ಇದೇ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು, ದನ ಸಾಕುತ್ತಿದ್ದರು. ಸಗಣಿ ರಾಶಿ ಹಾಕಿ ಸುಟ್ಟ ಬೂದಿಗುಡ್ಡೆ ಇವತ್ತಿಗೂ ಕುಪ್ಪಗಲ್ಲಿನಲ್ಲಿದೆ. ಚಿತ್ರಗಳಲ್ಲಿ ಕೆಲವು ಈಚಿನವು, ನಿಜ. ಹಳೆಯವು ಮಾತ್ರ ಬುದ್ಧರು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲಿನವು.

ಅಂದರೆ ನಾನು ಕಳಿಸಿದ ಬರಹ ಸುಳ್ಳು. ಹೊರಡುವ ಮೊದಲು ಎರಡು ಪುಸ್ತಕ ತೆಗೆದು ನೋಡಿದಾಗಲೇ ನನಗದು ತಿಳಿದಿತ್ತು. ಗುಡ್ಡದ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದೆ.

ನಮ್ಮ ಜೊತೆ ಅರವತ್ತು ದಾಟಿದ ತಾಯಿಯೊಬ್ಬರಿದ್ದರು. ಇಬ್ಬರ ಕೈ ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಿದ್ದರು. ಅವರಿಗೆ ಸಿಟ್ಟು ಬಂತು. "ಅಲ್ಲ ಕಣಪ್ಪ, ಇಷ್ಟು ದೂರ ಬಂದಿದ್ದು ಯಾರೋ ಗೀಚಿದ ಎತ್ತು ನೋಡಕ್ಕಾ? ಊರಲ್ಲಿ ಬಾವಿ ನಮ್ಮದಲ್ಲ ಅಂದ್ರು, ಗುಡಿ ನಿಮ್ಮದಲ್ಲ ಅಂದ್ರು. ಹಳೇದು ಒಂದಾದ್ರೂ ನಮ್ಮದು ಅಂತ ಸಿಕ್ತು ಅನ್ಕಂಡಿದ್ದೆ. ಈಗ ನೀನೂ ನಮ್ಮದಲ್ಲ ಅಂತೀಯ."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರ ನೋವು ಸುಳ್ಳಲ್ಲವಲ್ಲ. ನಮ್ಮ ವಿಹಾರಗಳು ಹೋದವು, ಮೂರ್ತಿಗಳಿಗೆ ಬೇರೆ ಹೆಸರು ಬಂತು. ಕಳೆದುಕೊಂಡವನ ಕೈ ಸಿಕ್ಕಿದ್ದನ್ನೆಲ್ಲ ಹಿಡಿಯಲು ಹೋಗುತ್ತದೆ. ಆದರೆ ಪಂಚಶೀಲದ ನಾಲ್ಕನೆಯದು ಮುಸಾವಾದ, ಸುಳ್ಳಾಡುವುದನ್ನು ಬಿಡುವುದು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಅದಿದೆ. ಹೆಮ್ಮೆಗಾಗಿ ಹೇಳುವ ಸುಳ್ಳಿಗೆ ಅಲ್ಲಿ ರಿಯಾಯಿತಿ ಇಲ್ಲ. ಬಾಬಾಸಾಹೇಬರು ಹೇಗೆ ಬರೆದರು ನೋಡಿ. ಅಸ್ಪೃಶ್ಯರ ಮೂಲದ ಬಗ್ಗೆ 1948ರಲ್ಲಿ ಪುಸ್ತಕ ತಂದರು. ಅವರು ಹಿಂದೆ ಬೌದ್ಧರಾಗಿದ್ದರು ಎಂಬ ವಾದ ಅದರಲ್ಲೇ ಇದೆ. ಆದರೆ ಕೊಂಡಿ ಸಿಗದ ಕಡೆ ಊಹೆಯಿಂದ ಜೋಡಿಸಿದ್ದೇನೆ ಎಂದು ಮುನ್ನುಡಿಯಲ್ಲಿ ತಾವೇ ಒಪ್ಪಿಕೊಂಡರು. ಅವರ ಹೆಸರು ಹೇಳುವ ನಾವು ಒಂದು ಬೆರಳಿನಲ್ಲಿ ಊಹೆಯನ್ನು ಇತಿಹಾಸ ಮಾಡಿಬಿಡುತ್ತೇವೆ.

ವ್ಯವಹಾರದ ಮಾತೂ ಒಂದಿದೆ. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲಿ ಆಮೇಲೆ ಸಿಕ್ಕವು. ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕರ ಶಿಲ್ಪವೇ ಇದೆ, ಹೆಸರು ಸಮೇತ. ಇವು ಯಾರೂ ಅಲ್ಲಗಳೆಯಲಾಗದ ಸಾಕ್ಷಿಗಳು. ಗೂಳಿಯ ವಿಷಯದಲ್ಲಿ ನಾವು ಸಿಕ್ಕಿಬಿದ್ದರೆ ಎದುರಿನವನು ಕನಗನಹಳ್ಳಿಯನ್ನೂ ನಂಬುವುದಿಲ್ಲ.

ಇಷ್ಟು ಹೇಳಿದರೂ ಆ ತಾಯಿಯ ಮುಖ ಸಡಿಲವಾಗಲಿಲ್ಲ. ಆಗ ಬೆಳಿಗ್ಗೆ ನೋಡಿದ ಬಂಡೆಯ ಮಾತು ತೆಗೆದೆ. ಆ ಶಾಸನದಲ್ಲಿ ಅಶೋಕರು ಹೇಳುವುದೇನು? ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲ ಒಂದು ವರ್ಷ ಸರಿಯಾಗಿ ಪ್ರಯತ್ನ ಮಾಡಲಿಲ್ಲ ಎಂದು. ಚಕ್ರವರ್ತಿ ತನ್ನ ಸೋಮಾರಿತನವನ್ನು ತಾನೇ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಸತ್ಯವನ್ನೇ ಹೇಳಬೇಕು ಎಂದೂ ಅದೇ ಬಂಡೆಯ ಮೇಲಿದೆ. ಮತ್ತೊಂದು ಮಾತಿದೆ: ಧಮ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ.

"ಸಣ್ಣೋರು ಅಂತಾನೇ ಬರ್ದವ್ನಾ?" ಎಂದು ಕೇಳಿದರು.

ಹೌದಮ್ಮ, ಖುದಕ ಎಂದಿದೆ, ಕ್ಷುದ್ರಕ, ಸಣ್ಣವರು ಎಂದೇ ಅರ್ಥ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಒಂದು ಗೂಳಿಯ ಹತ್ತಿರ ಕೂತು ನೋಡಿದರು, ಮುಟ್ಟಲಿಲ್ಲ. "ಪಾಪ, ಎಷ್ಟು ದಿನ ಕುಟ್ಟಿದ್ನೋ. ಇವನೂ ದನ ಕಾಯೋನೇ ಇರ್ಬೇಕು," ಅಂದರು. ಅವರ ಅಪ್ಪ ಹತ್ತು ವರ್ಷ ಗೌಡರ ಮನೆಯ ದನ ಕಾಯ್ದವರಂತೆ, ವಾಪಸ್ ಬರುವಾಗ ಗಾಡಿಯಲ್ಲಿ ಹೇಳಿದರು.

ಬಂಧುಗಳೇ, ಹೋದ ತಿಂಗಳ ಆ ಚಿತ್ರವನ್ನು ಯಾರಿಗೆ ಕಳಿಸಿದ್ದೀರೋ ಅವರಿಗೆ ಇದನ್ನೂ ಕಳಿಸಿ. ಬೈದರೆ ನನ್ನ ಹೆಸರು ಹೇಳಿ. ಮುಂದಿನ ಪ್ರವಾಸ ಸನ್ನತಿಗೆ. ದೂರ ಜಾಸ್ತಿ, ಎರಡು ದಿನ ಬೇಕು. ಬರುವವರು ಈ ವಾರವೇ ತಿಳಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.