ಯಜಮಾನಿಯ ಖಾತೆ, ಸೊಸೆಯ ಬೆನ್ನು

ಗೃಹಲಕ್ಷ್ಮಿ ಹಣ ಬಂದಮೇಲೆ ಮನೆಗಳಲ್ಲಿ ಜಗಳ ಹೆಚ್ಚಿತು ಎನ್ನುವವರು ಘಟ್ಟದ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಹೆಂಡತಿಯ ಕೈಯಲ್ಲಿ ನಾಲ್ಕು ಕಾಸು ಆಡಿದರೆ ಗಂಡ ತಾನೇ ತಣ್ಣಗಾಗುತ್ತಾನೆ ಎಂದು ನಂಬಿದವರೂ ಇದ್ದಾರೆ. ಇಬ್ಬರೂ ಕಾರಣವನ್ನು ದುಡ್ಡಿನಲ್ಲಿ ಹುಡುಕುತ್ತಾರೆ, ಹೊಡೆಯುವವನನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ.

2023ರ ಆಗಸ್ಟ್ 30ರಂದು ಶುರುವಾದ ಕರ್ನಾಟಕ ಸರ್ಕಾರದ ಈ ಯೋಜನೆ ತಿಂಗಳಿಗೆ ಕೊಡುವುದು 2,000 ರೂಪಾಯಿ. ಆಗುಂಬೆಯಲ್ಲಿ ಅದು ಸಣ್ಣ ಮೊತ್ತವಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು. ಆಷಾಢ, ಶ್ರಾವಣದಲ್ಲಿ ಕೂಲಿ ತಪ್ಪುತ್ತದೆ, ಅಡಿಕೆ ಸುಲಿಯುವ ಕೆಲಸ ಸಿಗುವುದು ಮಳೆ ಕಳೆದ ಮೇಲೆ. ಅಲ್ಲಿಯ ತನಕ ಅಂಗಡಿ ಸಾಲಕ್ಕೂ ಸಂಘದ ವಾರದ ಕಂತಿಗೂ ಗಂಡನ ಮುಖ ನೋಡಬೇಕಾದವಳಿಗೆ, ಕೇಳದೆ ಬರುವ ಹಣದಿಂದ ಕೆಲವು ಜಗಳಗಳಾದರೂ ತಪ್ಪಿಯಾವು.

ಆದರೆ ಹಣ ಬರುವುದು ಯಾರ ಖಾತೆಗೆ? ಪಡಿತರ ಚೀಟಿಯ ಯಜಮಾನಿಗೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅವಳು ಮನೆಯ ಹಿರಿಯ ಹೆಂಗಸು, ಕೂಡುಕುಟುಂಬದಲ್ಲಿ ಅತ್ತೆ. ಪೆಟ್ಟು ತಿನ್ನುವವಳು ಸೊಸೆಯಾದರೆ ಅವಳ ಪಾಲಿಗೆ ಬಂದದ್ದು ಇನ್ನೊಬ್ಬರ ಯಜಮಾನಿಕೆ ಮಾತ್ರ. ಹಣ ಅತ್ತೆಗೋ ಸೊಸೆಗೋ ಎಂದು ಯೋಜನೆ ಬಂದಾಗ ಊರೆಲ್ಲ ನಕ್ಕಿತು. ನಗುವ ವಿಷಯವೇನೂ ಅದಾಗಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇವೆಂದ ಕರ್ನಾಟಕದ ವಿವಾಹಿತೆಯರು 2015-16ರಲ್ಲಿ ಶೇ. 20.6, 2019-20ರಲ್ಲಿ ಶೇ. 44.4. ಈ ಏರಿಕೆ ಗೃಹಲಕ್ಷ್ಮಿಗಿಂತ ಹಿಂದಿನದು. ಜಗಳವನ್ನು ಯೋಜನೆಯ ತಲೆಗೆ ಕಟ್ಟುವವರು ಇದನ್ನು ಯಾರ ತಲೆಗೆ ಕಟ್ಟುತ್ತಾರೋ. ಅಂದಹಾಗೆ, ಆ ಸಮೀಕ್ಷೆ ಮಾತಾಡಿಸುವುದು 49 ವರ್ಷದವರೆಗಿನ ಹೆಂಗಸರನ್ನು. ಹಣ ಪಡೆಯುವ ಎಷ್ಟೋ ಅತ್ತೆಯರು ಆ ವಯಸ್ಸು ದಾಟಿದವರು.

ಹಾಗಾದರೆ ಹಣದಿಂದ ಹಿಂಸೆ ಇಳಿಯುತ್ತದೆಯೇ? ಮೆಕ್ಸಿಕೋದಲ್ಲಿ ಇಂಥದೇ ನೆರವು ಸಿಕ್ಕ ಮನೆಗಳಲ್ಲಿ ಹೊಡೆತ ಕಡಿಮೆಯಾಯಿತು, ಹೊಡೆಯುತ್ತೇನೆಂಬ ಬೆದರಿಕೆ ಹೆಚ್ಚಿತು. ಬಾಂಗ್ಲಾದೇಶದಲ್ಲಿ ಹಣ ಇಲ್ಲವೇ ಆಹಾರದ ನೆರವಿನ ಜೊತೆಗೆ ಹೆಂಗಸರು ಒಟ್ಟಿಗೆ ಕೂತು ಪೌಷ್ಟಿಕ ಆಹಾರದ ಪಾಠ ಕೇಳುವ ಸಭೆಗಳೂ ನಡೆದ ಕಡೆ, ಯೋಜನೆ ಮುಗಿದು ತಿಂಗಳುಗಳಾದ ಮೇಲೂ ದೈಹಿಕ ಹಿಂಸೆ ಶೇ. 26ರಷ್ಟು ಇಳಿದಿತ್ತು, ಬರೀ ನೆರವು ಕೊಟ್ಟ ಕಡೆ ಆ ಇಳಿಕೆ ಕಾಣಲಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಂಡಾ, ಬೀನಾ ಅಗರ್ವಾಲ್ ನಡೆಸಿದ ಅಧ್ಯಯನ ಇನ್ನೂ ನೇರ: ಆಸ್ತಿಯಿಲ್ಲದ ಹೆಂಗಸರಲ್ಲಿ ಶೇ. 49 ಮಂದಿ ಪೆಟ್ಟು ತಿಂದಿದ್ದರು, ಮನೆ, ಜಮೀನು ಎರಡೂ ಇದ್ದವರಲ್ಲಿ ಶೇ. 7.

ಎತ್ತಿದ ಕೈಯನ್ನು ತಡೆಯುವುದು ಎರಡೇ ಎಂದು ನನಗನ್ನಿಸುತ್ತದೆ: ಇವಳು ಬಿಟ್ಟುಹೋದಾಳು ಎಂಬ ಅಳುಕು, ನಾಲ್ಕು ಜನಕ್ಕೆ ಗೊತ್ತಾದೀತು ಎಂಬ ಅಳುಕು. ಮೊದಲನೆಯದಕ್ಕೆ ಹೋಗಿ ಇರಲು ಮನೆ ಬೇಕು, ಎರಡು ಸಾವಿರಕ್ಕೆ ಅದು ಸಿಗದು. ಎರಡನೆಯದಕ್ಕೆ ಮಾತ್ರ ದಾರಿ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಮ್ಮ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಗೃಹಲಕ್ಷ್ಮಿ ಕಂತು ನಿಂತರೆ ವಿಚಾರಿಸಲು ಹೋಗುವುದೂ ಅದೇ ಕಚೇರಿಗೆ. ಕಂತು ಕೇಳಲು ತಾಲ್ಲೂಕು ಕೇಂದ್ರ ತೀರ್ಥಹಳ್ಳಿಗೆ ಹೊರಟವಳನ್ನು ತಡೆಯುವ ಗಂಡ ಅಪರೂಪ. ಪೆಟ್ಟಿನ ದೂರು ಕೊಡಲು ಹೊರಟವಳನ್ನು ಬಿಡುವ ಗಂಡ ಅದಕ್ಕಿಂತ ಅಪರೂಪ. ಹಾಗಾಗಿ ಪಾಸ್‌ಬುಕ್ ನೋಡುವ ಆ ಮೇಜಿನಲ್ಲೇ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಕೇಳಬೇಕು. ಅತ್ತೆಯ ಪಾಸ್‌ಬುಕ್ ಹಿಡಿದು ಬಂದ ಸೊಸೆಯನ್ನಂತೂ ಕೇಳದೆ ಕಳಿಸಬಾರದು. ಅಂಗನವಾಡಿಯಲ್ಲಿ ಕೇಳಿದರೆ ಸಾಲದು. ಅಲ್ಲಿಯ ಕಾರ್ಯಕರ್ತೆ ಅದೇ ಊರಿನವಳು, ಕೆಲವೊಮ್ಮೆ ಗಂಡನ ಕಡೆಯ ನೆಂಟಳೂ ಹೌದು.